ಹಲ್ಲಿನ ಡಾಕ್ಟರು ದೇವರನ್ನು ಕೂರಿಸಿದ್ದು

"ನಾಳೆಯಿಂದ ಈ ಮನೆಯಲ್ಲಿ ಭೂಮಿ ಅಲ್ಲಾಡಿದರೂ ಅಲ್ಲಾಡೀತು, ದೇವರು ಮಾತ್ರ ಅಲ್ಲಾಡೋದಿಲ್ಲ," ಎಂದು ಹಲ್ಲಿನ ಡಾಕ್ಟರು ಊಟದ ಮೇಜು ಗುದ್ದಿ ಸಾರಿದರು. ಗುದ್ದಿದ ರಭಸಕ್ಕೆ ಲೋಟ ಉರುಳಿ ನೀರೆಲ್ಲ ಅವರ ಮಡಿಲಿಗೇ ಬಿತ್ತು. ಲೆಕ್ಕದ ಟೀಚರಾದ ಅವರ ಹೆಂಡತಿ ಒಂದು ಬಟ್ಟೆ ಎಸೆದು, "ಮೊದಲು ಲೋಟ ಅಲ್ಲಾಡದ ಹಾಗೆ ನೋಡಿಕೊಳ್ಳಿ," ಎಂದಳು.

ಡಾಕ್ಟರ ಈ ಪ್ರತಿಜ್ಞೆಗೆ ಕಾರಣವಿತ್ತು. ಮಾವನವರು ತೀರಿಕೊಂಡ ಮೇಲೆ ಅತ್ತೆ ಇವರ ಮನೆಗೆ ಬಂದು ಕೆಲವು ತಿಂಗಳಾಗಿತ್ತಷ್ಟೆ. ಬರುವಾಗ ತಂದದ್ದು ಒಂದು ಬಟ್ಟೆಯ ಬ್ಯಾಗು, ಹೆಬ್ಬೆರಳಿಗಿಂತ ಕೊಂಚ ದೊಡ್ಡದಾದ ಒಂದು ಹಿತ್ತಾಳೆಯ ದೇವರು, ಒಂದು ದೀಪ, ಮಾವನವರ ಒಂದು ಫೋಟೋ. ಹಾಲ್‌ನ ಮೂಲೆಯಲ್ಲಿ ಗೋಡೆಗೊಂದು ಹಲಗೆ ಬಡಿಸಿ, ದೇವರನ್ನೂ ಮಾವನವರನ್ನೂ ಅಕ್ಕಪಕ್ಕದಲ್ಲಿ ಕೂರಿಸಿದ್ದಾಯಿತು. ಬೆಳಿಗ್ಗೆ ಸಂಜೆ ದೀಪ ಹಚ್ಚಿ, ಅತ್ತೆ ಅವರಿಬ್ಬರ ಹತ್ತಿರವೂ ಒಂದಷ್ಟು ಹೊತ್ತು ಮಾತಾಡುತ್ತಿದ್ದರು. ದೇವರ ಹತ್ತಿರ ಮೆಲ್ಲಗೆ, ಮಾವನವರ ಹತ್ತಿರ ಸ್ವಲ್ಪ ಗದರಿಸಿ.

ಆದರೆ ಆ ಮನೆಯಲ್ಲಿ ಮೊದಲಿನಿಂದ ಠಿಕಾಣಿ ಹೂಡಿದ್ದವರು ಇನ್ನೂ ಮೂವರಿದ್ದರು. ಬೆಕ್ಕು, ಅದರ ಠೀವಿ ನೋಡಿ ಎಲ್ಲರೂ ಅದನ್ನು 'ಮೇಡಂ' ಎನ್ನುತ್ತಿದ್ದರು. ನಾಯಿ ಗುಂಡ, ಮೈಗಿಂತ ಬಾಲಕ್ಕೇ ಬಲ ಹೆಚ್ಚು. ಮತ್ತೆ ನಾಲ್ಕು ವರ್ಷದ ಮಗಳು ಪುಟ್ಟಿ. ಹಲಗೆ ಬಂದ ವಾರದಲ್ಲೇ ಮೇಡಂ ಮಾವನವರ ಫೋಟೋದ ಹಿಂದೆ ಹಾಸಿಗೆ ಮಾಡಿಕೊಂಡಳು. ಗುಂಡ ಯಾರಾದರೂ ಬಂದ ಖುಷಿಗೆ ಬಾಲ ಬೀಸಿದಾಗಲೆಲ್ಲ ಹಲಗೆಯ ಕೆಳಗಿನ ಸ್ಟೂಲು ಹಾರಿಹೋಗುತ್ತಿತ್ತು. ಪುಟ್ಟಿ ಅದೇ ಸ್ಟೂಲನ್ನು ಎಳೆದು ತಂದು, ಹತ್ತಿ, ಜ್ವರ ಬಂದ ತನ್ನ ಗೊಂಬೆಯನ್ನು ದೇವರ ಪಕ್ಕದಲ್ಲಿ ಅಡ್ಡ ಮಲಗಿಸಿ, "ನೋಡ್ಕೋತಾ ಇರು, ಈಗ ಬಂದೆ," ಎಂದು ಆಡಲು ಓಡುತ್ತಿದ್ದಳು.

ಇದೆಲ್ಲ ನಗುವ ವಿಷಯವೇ. ಆದರೆ ಹಿಂದಿನ ಸಂಜೆ ನಡೆದದ್ದು ನಗುವಂಥದ್ದಾಗಿರಲಿಲ್ಲ. ಮೇಡಂ ಫೋಟೋದ ಹಿಂದಿನಿಂದ ಮೈಮುರಿದು ಎದ್ದಳು, ಫೋಟೋ ದೀಪಕ್ಕೆ ತಾಗಿತು, ದೀಪ ಉರುಳಿ ಪರದೆಯ ಅಂಚು ಹೊತ್ತಿಕೊಂಡಿತು. ಟೀಚರಮ್ಮ ಓಡಿಬಂದು ಒದ್ದೆ ಟವೆಲ್ ಹೊದಿಸಿದ್ದರಿಂದ ಪರದೆಯ ಒಂದು ಮೂಲೆ ಕಪ್ಪಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಪುಟ್ಟಿ ಅಲ್ಲೇ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅತ್ತೆ ಉರುಳಿದ ದೀಪ ಎತ್ತಿಟ್ಟು, ಚೆಲ್ಲಿದ ಎಣ್ಣೆ ಒರೆಸಿದರು. ಕೊನೆಗೆ ಮಗಳಿಗೆ ಹೇಳಿದರು, "ನಾನು ದೊಡ್ಡವಳ ಮನೆಗೆ ಹೋಗ್ತೀನಿ. ಅಲ್ಲಿ ಬೆಕ್ಕಿಲ್ಲ, ನಾಯಿಯಿಲ್ಲ, ಮಕ್ಕಳೂ ದೊಡ್ಡವರಾಗಿದ್ದಾರೆ. ನನ್ನ ದೇವರಿಂದ ನಿನ್ನ ಮಗುಗೆ ಏನಾದ್ರೂ ಆದ್ರೆ ಆ ದೇವರನ್ನ ನಾನು ಹೇಗೆ ನೋಡ್ಲಿ?"

ಪಕ್ಕದ ಕೋಣೆಯಲ್ಲಿದ್ದ ಡಾಕ್ಟರಿಗೆ ಈ ಮಾತು ಕೇಳಿಸಿತು. ಆ ಮನೆಯಲ್ಲಿ ಅವರ ಜೋಕುಗಳಿಗೆ ನಗುತ್ತಿದ್ದವರು ಅತ್ತೆ ಒಬ್ಬರೇ. 'ಹೋಗಬೇಡಿ ಅತ್ತೆ, ಇಲ್ಲೇ ಇರಿ' ಎಂದುಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ಮಾತು. ಆದರೆ ಡಾಕ್ಟರಿಗೆ ಅಂಥ ಮಾತು ಗಂಟಲವರೆಗೆ ಬಂದು ಅಲ್ಲೇ ಅಡ್ಡ ನಿಲ್ಲುತ್ತಿತ್ತು. ಆದ್ದರಿಂದ ಮಾರನೆಯ ಬೆಳಿಗ್ಗೆ ಅವರು ಮೇಜು ಗುದ್ದಿದರು.

"ಗಾಜಿನ ಬಾಗಿಲಿರೋ ಒಂದು ಸಣ್ಣ ಕಪಾಟು ಮಾಡಿಸಿದ್ರೆ ಸಾಕಲ್ವೇನ್ರೀ?" ಎಂದಳು ಹೆಂಡತಿ.

"ಕಪಾಟು ಯಾರು ಬೇಕಾದ್ರೂ ಮಾಡಿಸ್ತಾರೆ," ಎಂದರು ಡಾಕ್ಟರು. "ಮೂವತ್ತೆರಡು ಹಲ್ಲನ್ನ ಅಲ್ಲಾಡದ ಹಾಗೆ ಕೂರಿಸೋ ಕೈ ಇದು. ಒಂದು ದೇವರನ್ನ ಕೂರಿಸೋದು ಕಷ್ಟವಾ?"

ಆ ಸಂಜೆ ಅತ್ತೆ ಪುಟ್ಟಿಯನ್ನು ಕರೆದುಕೊಂಡು ಪಾರ್ಕಿಗೆ ಹೋದ ಸಮಯ ನೋಡಿ ಡಾಕ್ಟರು ಕ್ಲಿನಿಕ್ಕಿನ ಪೆಟ್ಟಿಗೆ ಬಿಚ್ಚಿದರು. ಹಲ್ಲಿಗೆ ಕ್ಯಾಪ್ ಎಂಬ ಟೋಪಿ ಕೂರಿಸುವ ಗಟ್ಟಿ ಸಿಮೆಂಟು ಕಲಸಿ ದೇವರ ಪೀಠಕ್ಕೆ ಬಳಿದರು, ದೀಪದ ಬುಡಕ್ಕೆ ಬಳಿದರು, ಮಾವನವರ ಫೋಟೋದ ಕಾಲಿಗೂ ಬಳಿದರು. ಸಂದುಗಳಿಗೆ ಲವಂಗದ ಎಣ್ಣೆಯ ಇನ್ನೊಂದು ಸಿಮೆಂಟು ತುಂಬಿ, ಹುಳುಕು ಹಲ್ಲಿಗೆ ಮಾಡುವ ಹಾಗೆಯೇ ಅಂಚು ನುಣುಪು ಮಾಡಿದರು. ಕೆಲಸದ ಭರದಲ್ಲಿ ಪಕ್ಕದಲ್ಲಿದ್ದ ಬೆಂಕಿಪೊಟ್ಟಣದ ಕೆಳಗೂ ಒಂದಿಷ್ಟು ಹರಿದದ್ದು ಅವರ ಗಮನಕ್ಕೆ ಬರಲಿಲ್ಲ. ಗಟ್ಟಿಯಾದ ಮೇಲೆ ಮೇಡಂಳನ್ನು ಅವರೇ ಎತ್ತಿ ಹಲಗೆಯ ಮೇಲೆ ಬಿಟ್ಟರು. ಅವಳು ಫೋಟೋವನ್ನು ತಲೆಯಿಂದ ನೂಕಿದಳು, ಭುಜದಿಂದ ನೂಕಿದಳು, ಕೊನೆಗೆ ಇಂಥ ಅವಮಾನ ಜನ್ಮದಲ್ಲಿ ಕಂಡಿಲ್ಲವೆಂಬಂತೆ ಡಾಕ್ಟರನ್ನು ನೋಡಿ ಇಳಿದುಹೋದಳು.

"ಒರೆಸೋವಾಗ ಅಮ್ಮ ಹೇಗೆ ಎತ್ತಬೇಕು?" ಎಂದು ಕೇಳಿದಳು ಹೆಂಡತಿ.

"ಯಾಕೆ ಎತ್ತಬೇಕು? ಹಲ್ಲುಜ್ಜೋವಾಗ ಹಲ್ಲು ಕಿತ್ತು ಕೈಗೆ ತಗೋತೀವಾ?"

"ಸರಿ, ಅಮ್ಮನಿಗೆ ನೀವೇ ಹೇಳಿ. ನಾನಂತೂ ಬಾಯಿ ಬಿಡಲ್ಲ," ಎಂದು ಅವಳು ಉತ್ತರಪತ್ರಿಕೆ ತಿದ್ದಲು ಕೂತಳು. ಡಾಕ್ಟರು ಹೇಳುವವರೇ ಇದ್ದರು. ಆದರೆ ಪಾರ್ಕಿನಿಂದ ಬಂದ ಅತ್ತೆ ಹಲಗೆಯ ಕಡೆ ನೋಡಲೂ ಇಲ್ಲ. ದೀಪ ಹಚ್ಚುವ ಧೈರ್ಯ ಅವರಿಗೆ ಹಿಂದಿನ ಸಂಜೆಯೇ ಹೋಗಿತ್ತು. ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆ ಹೇಳಿದರಾಯಿತು ಎಂದುಕೊಂಡು ಡಾಕ್ಟರು ಸುಮ್ಮನಾದರು.

ಮಾರನೆಯ ದಿನ ರಜೆ. ಬೆಳಿಗ್ಗೆ ಡಾಕ್ಟರು ಹಲ್ಲುಜ್ಜುತ್ತ ಹೊರಗೆ ಬಂದರೆ ಹಾಲ್‌ನಲ್ಲಿ ಅತ್ತೆಯ ಬ್ಯಾಗು ತುಂಬಿ ನಿಂತಿತ್ತು. ಅತ್ತೆ ಹಲಗೆಯ ಮುಂದೆ ಒಂದು ಹಳೆಯ ರೇಷ್ಮೆ ಬಟ್ಟೆ ಹಾಸಿಕೊಂಡು, ಕಣ್ಣು ಮುಚ್ಚಿ ಕೈಮುಗಿದು, ಎರಡು ಬೆರಳಲ್ಲಿ ದೇವರನ್ನು ಎತ್ತಿದರು. ದೇವರು ಏಳಲಿಲ್ಲ. ಎರಡು ಕೈಯಲ್ಲಿ ಎತ್ತಿದರು. ಏಳಲಿಲ್ಲ. ಮಾವನವರ ಫೋಟೋಗೆ ಕೈಹಾಕಿದರು. ಅದೂ ಕದಲಲಿಲ್ಲ.

ಅತ್ತೆ ಮೆಲ್ಲಗೆ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅವನೂ ಬರಲ್ಲ ಅಂತಾನೆ," ಎಂದರು. "ಇವರೂ ಬರಲ್ಲ ಅಂತಾರೆ. ಬದುಕಿದ್ದಾಗಲೂ ಹೀಗೇ, ಒಂದು ಕಡೆ ಕೂತ್ರೆ ಏಳ್ತಿರಲಿಲ್ಲ." ಆಮೇಲೆ ಮೂಗೆಳೆದು, "ಲವಂಗದ ಪರಿಮಳ ಬೇರೆ ಬರ್ತಿದೆ ನೋಡಿ, ಅಳಿಯಂದ್ರೇ."

ಡಾಕ್ಟರ ಬಾಯಿ ತುಂಬ ನೊರೆಯಿತ್ತು. ಅದನ್ನು ಉಗುಳಿ ಬಂದು ನಿಜ ಹೇಳಬೇಕೆಂದು ಬಚ್ಚಲಿಗೆ ಓಡಿದರು. ವಾಪಸ್ ಬರುವಷ್ಟರಲ್ಲಿ ಅತ್ತೆ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಬೀರುವಿನಲ್ಲಿ ಜೋಡಿಸುತ್ತಿದ್ದರು. ಏನೋ ಹಾಡು ಗುನುಗುತ್ತಿದ್ದರು. ಮಾವನವರು ಹೋದ ಮೇಲೆ ಅವರು ಗುನುಗಿದ್ದು ಅದೇ ಮೊದಲು. ಡಾಕ್ಟರು ಹೆಂಡತಿಯ ಮುಖ ನೋಡಿದರು. ಅವಳು ಉತ್ತರಪತ್ರಿಕೆಯಿಂದ ತಲೆಯೆತ್ತದೆ, "ಕೂರಿಸಿದವರೇ ಏಳಿಸಬೇಕು," ಎಂದಳು. ಡಾಕ್ಟರು ಹೇಳಬೇಕಾದ್ದನ್ನೆಲ್ಲ ನುಂಗಿಕೊಂಡರು.

ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅತ್ತೆ ದೊಡ್ಡ ಮಗಳಿಗೆ ಫೋನ್ ಮಾಡಿ, "ದೇವರೇ ತಡೆದ ಕಣೇ, ನಾನು ಬರಲ್ಲ," ಎಂದದ್ದು ಬಾಲ್ಕನಿಯಲ್ಲಿ ನಿಂತು. ಕೆಳಗಿನ ಮನೆಯಾಕೆ ಆ ಹೊತ್ತಿಗೆ ಸರಿಯಾಗಿ ಬಟ್ಟೆ ಒಣಹಾಕುತ್ತಿದ್ದರು. ಅವರ ಕಿವಿಗೆ ಬಿದ್ದ ಸುದ್ದಿ ಮೆಟ್ಟಿಲು ಹತ್ತಲಿಲ್ಲ, ಹಾರಿತು. ಕಾಫಿ ಲೋಟ ತೊಳೆಯುವಷ್ಟರಲ್ಲಿ ಡಾಕ್ಟರ ಬಾಗಿಲಲ್ಲಿ ಕ್ಲಿನಿಕ್ಕಿನ ಮುಂದೆ ಎಂದೂ ಕಾಣದಷ್ಟು ಚಪ್ಪಲಿ ಸೇರಿದ್ದವು. ಬಂದವರೆಲ್ಲ ಒಬ್ಬೊಬ್ಬರಾಗಿ ದೇವರನ್ನು ಮುಟ್ಟಿ, ಮೆಲ್ಲಗೆ ಅಲ್ಲಾಡಿಸಿ ನೋಡಿ, ಕೈ ಮೂಸಿಕೊಂಡು, "ಹೌದು, ಲವಂಗ," ಎನ್ನುತ್ತಿದ್ದರು. ಗುಂಡನ ಬಾಲಕ್ಕೆ ಬಿಡುವೇ ಇರಲಿಲ್ಲ. ಕೆಳಗಿನ ಮನೆಯಾಕೆ ತಮ್ಮ ಅಲ್ಲಾಡುವ ದವಡೆ ಹಲ್ಲಿಗೂ ಆ ಪರಿಮಳ ಸ್ವಲ್ಪ ಸವರಿಕೊಂಡು, "ಈಗಲೇ ಹಿತವಾಯ್ತು, ಡಾಕ್ಟ್ರೇ. ನಿಮ್ಮ ಹತ್ತಿರ ಬರೋದು ತಪ್ಪಿತು," ಎಂದರು. ಲವಂಗದೆಣ್ಣೆಗೆ ಹಲ್ಲುನೋವು ಇಳಿಯುವುದೆಂದು ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. "ಹೂಂ," ಎಂದರು.

ಮಹಡಿಯ ಮೇಲಿನ ಜಿಮ್ ಮಾಸ್ತರು ಬಂದದ್ದು ಕೊನೆಗೆ. ಅವರು ನಂಬುವ ಪೈಕಿಯಲ್ಲ, ಎತ್ತುವ ಪೈಕಿ. "ಅಮ್ಮ, ಒಂದು ಕೈ ನೋಡ್ಲಾ?" ಎಂದರು.

"ಬೇಡ," ಎಂದರು ಡಾಕ್ಟರು, ಅಷ್ಟು ಬೇಗ ಹೇಳಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು.

"ನೋಡ್ಲಿ ಬಿಡಿ," ಎಂದರು ಅತ್ತೆ, ನಂಬಿಕೆಯ ನಗೆ ನಗುತ್ತ.

ಜಿಮ್ ಮಾಸ್ತರು ಕಾಲಗಲಿಸಿ ನಿಂತು, ಉಸಿರು ಬಿಗಿಹಿಡಿದು, ಹೆಬ್ಬೆರಳಿನಷ್ಟು ದೇವರನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ದೇವರು ಹಲಗೆ ಬಿಡಲಿಲ್ಲ. ಹಲಗೆಯೇ ಗೋಡೆ ಬಿಟ್ಟಿತು. ಮೊಳೆಗಳು ಪಟಪಟನೆ ಕಿತ್ತು ಬಂದವು, ಗಾರೆ ಉದುರಿತು. ಹೆದರಿದ ಮೇಡಂ ಪರದೆ ಏರಿದಳು. ಮಾಸ್ತರು ಆಯ ತಪ್ಪಿ ಹಿಂದಕ್ಕೆ ವಾಲಿದರು, ಅವರ ಕೈಯಲ್ಲಿ ಹಲಗೆ ಗೋಡೆಯ ಹಾಗೆ ನೆಟ್ಟಗೆ ನಿಂತಿತು. ದೇವರು ಬೀಳಲಿಲ್ಲ. ದೀಪ ಬೀಳಲಿಲ್ಲ. ಮಾವನವರು ಅಡ್ಡ ತಿರುಗಿದ್ದರೂ ಮೊದಲಿನ ಹಾಗೇ ನಗುತ್ತಿದ್ದರು.

"ನೋಡಿದ್ರಾ ಮಹಿಮೆ?" ಎಂದು ಕೆಳಗಿನ ಮನೆಯಾಕೆ ಕೈಮುಗಿದರು.

ಪುಟ್ಟಿ ಹತ್ತಿರ ಹೋಗಿ ತಲೆ ವಾಲಿಸಿ ನೋಡಿ, "ಬೆಂಕಿಪೊಟ್ಟಣನೂ ಬೀಳ್ಲಿಲ್ಲ," ಎಂದಳು.

ಎಲ್ಲರ ಕಣ್ಣೂ ಬೆಂಕಿಪೊಟ್ಟಣದ ಮೇಲೆ ನಿಂತಿತು. ದೇವರು ತಡೆದ, ಸರಿ. ಮಾವನವರು ತಡೆದರು, ಅದೂ ಸರಿ. ಬೆಂಕಿಪೊಟ್ಟಣಕ್ಕೆ ಅತ್ತೆಯನ್ನು ತಡೆಯುವ ಕಾರಣವೇನೂ ಇರಲಿಲ್ಲ. ಜಿಮ್ ಮಾಸ್ತರು ಅದರ ಅಂಚನ್ನು ಉಗುರಿನಿಂದ ಕೆರೆದು, ಡಾಕ್ಟರ ಕಡೆ ತಿರುಗಿ, ತಮ್ಮ ಬಾಯಿಯ ಟೋಪಿ ಹಲ್ಲನ್ನು ನಾಲಿಗೆಯಿಂದ ಮುಟ್ಟಿಕೊಂಡರು. "ಡಾಕ್ಟ್ರೇ, ನನಗೆ ಹಾಕಿದ್ದೂ ಇದೇ ಅಲ್ವಾ?" ಎಂದರು.

ಚಪ್ಪಲಿಗಳು ಬಂದದ್ದಕ್ಕಿಂತ ಬೇಗ ಖಾಲಿಯಾದವು. ಕೆಳಗಿನ ಮನೆಯಾಕೆ ಹೋಗುತ್ತ, ಹಲ್ಲಿಗೆ ಯಾವಾಗ ಬರಲಿ ಎಂದು ಮೆಲ್ಲಗೆ ಕೇಳಿಕೊಂಡು ಹೋದರು.

ಮಧ್ಯಾಹ್ನ ಹಲಗೆ ಊಟದ ಮೇಜಿನ ಮೇಲಿತ್ತು. ಡಾಕ್ಟರು ಭೂತಗನ್ನಡಕ ಹಾಕಿಕೊಂಡು, ಹಲ್ಲಿನ ಪಾಚಿ ಕೆರೆಯುವ ಕಡ್ಡಿಯಿಂದ ದೇವರ ಪೀಠದ ಸುತ್ತ ಸಿಮೆಂಟು ಬಿಡಿಸುತ್ತಿದ್ದರು. ಪುಟ್ಟಿ ಟಾರ್ಚು ಹಿಡಿದು, "ನೋವಾದ್ರೆ ಕೈ ಎತ್ತು," ಎಂದು ದೇವರಿಗೆ ಧೈರ್ಯ ಹೇಳುತ್ತಿದ್ದಳು. ಟೀಚರಮ್ಮ ಗೋಡೆಗೆ ಅಳತೆಪಟ್ಟಿ ಹಿಡಿದು ನಿಂತಿದ್ದಳು. ಬಡಗಿಗೆ ಆಗಲೇ ಫೋನಾಗಿತ್ತು. ಗಾಜಿನ ಬಾಗಿಲಿನ ಕಪಾಟು, ಗೋಡೆಯೊಳಕ್ಕೆ ಬೋಲ್ಟು, ಚಿಲಕ ಪುಟ್ಟಿಯ ಕೈಗೆ ಸಿಗದಷ್ಟು ಎತ್ತರದಲ್ಲಿ. ಅತ್ತೆ ಮುಂದೆ ಕೂತಿರುವಾಗ ಮಾತ್ರ ದೀಪ. ಕೆಳಗೊಂದು ಗೂಡು, ಜ್ವರ ಬಂದ ಗೊಂಬೆಗೆ. "ಮೇಡಂಗೆ ಬೇಕಾಗಿದ್ದು ದೇವರಲ್ಲ, ದೀಪದ ಬಿಸಿ," ಎಂದು ಟೀಚರಮ್ಮ ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಹಳೆಯ ಸ್ವೆಟರೊಂದನ್ನು ಹಾಸಿದ್ದಳು. ಮೇಡಂ ಅದರ ಮೇಲೆ ಮೈಚೆಲ್ಲಿ, ಈ ಮನೆಯವರಿಗೆ ಇಷ್ಟು ಅರ್ಥವಾಗಲು ಇಷ್ಟು ದಿನ ಬೇಕಾಯಿತೇ ಎಂಬಂತೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

ಅತ್ತೆ ಮೇಜಿನ ಎದುರು ಬದಿಗೆ ಕೂತು ಎಲ್ಲ ನೋಡುತ್ತಿದ್ದರು. ದೇವರು ಟಕ್ಕೆಂದು ಬಿಟ್ಟುಬಂದಾಗ ಅಂಗೈಯಲ್ಲಿ ತೆಗೆದುಕೊಂಡು ಸೆರಗಿನಿಂದ ಒರೆಸಿದರು. "ಹಾಗಾದ್ರೆ ಇವನು ನನ್ನನ್ನ ತಡೀಲಿಲ್ಲ," ಎಂದರು.

"ಇಲ್ಲ, ಅತ್ತೆ."

"ಸೀರೆ ಮತ್ತೆ ಬ್ಯಾಗಿಗೆ ತುಂಬಬೇಕೇನೋ."

ಡಾಕ್ಟರು ಕಡ್ಡಿ ಕೆಳಗಿಟ್ಟರು. ಭೂತಗನ್ನಡಕದ ಹಿಂದೆ ಅವರ ಕಣ್ಣೆರಡೂ ಬಟ್ಟಲಿನಷ್ಟಾಗಿ ಕಾಣುತ್ತಿದ್ದವು. "ನೀವು ಹೋಗಬಾರದು ಅಂತಲೇ ಅಂಟಿಸಿದ್ದು, ಅತ್ತೆ," ಎಂದರು. "ಇದು ಅಲ್ಲಾಡದೆ ನಿಂತ್ರೆ ನೀವೂ ನಿಲ್ತೀರಿ ಅಂದ್ಕೊಂಡೆ."

ಅತ್ತೆ ದೇವರನ್ನು ಮೇಜಿನ ಮೇಲಿಟ್ಟರು. "ದಿನವಿಡೀ ಕಂಡಕಂಡವರ ಬಾಯಿ ಬಿಡಿಸ್ತೀರಿ," ಎಂದರು. "ನಿಮ್ಮ ಬಾಯಿ ಒಂದು ಸಲ ಬಿಡೋಕೆ ಆಗ್ಲಿಲ್ವಾ?"

ಡಾಕ್ಟರು ಬಾಯಿ ತೆರೆದರು. ಮಾತು ಎಂದಿನ ಹಾಗೆ ಗಂಟಲಲ್ಲಿ ಅಡ್ಡ ನಿಂತಿತು. ಅತ್ತೆ ಕಾದರು. ಹೆಂಡತಿ ಅಳತೆಪಟ್ಟಿ ಹಿಡಿದಲ್ಲೇ ಕಾದಳು. ಪುಟ್ಟಿ ಏನೋ ಅಂಟಿಕೊಂಡಿರಬಹುದೆಂದು ಟಾರ್ಚನ್ನು ಅಪ್ಪನ ಬಾಯೊಳಕ್ಕೆ ಬಿಟ್ಟಳು.

"ಇಲ್ಲೇ ಇರಿ, ಅತ್ತೆ," ಎಂದರು ಡಾಕ್ಟರು, ಬೆಳಕಿಗೆ ಕಣ್ಣು ಕಿವುಚುತ್ತ. "ನೀವು ಹೋದ್ರೆ ಮನೆ ಬಿಕೋ ಅನ್ನುತ್ತೆ."

ಅತ್ತೆ ಕೈ ಚಾಚಿ ಅಳಿಯನ ಗಲ್ಲವನ್ನು ಮೆಲ್ಲಗೆ ಮೇಲಕ್ಕೆ ಒತ್ತಿದರು.

"ಆಯ್ತು," ಎಂದರು. "ಇನ್ನು ಬಾಯಿ ಮುಚ್ಚಬಹುದು."