ಅಂಜುಮನ್ನಿನ ಜಮಖಾನದ ಮೇಲೆ ನನ್ನ ಜಾಗ

ನಾನು ಹುಟ್ಟು ಅಂಜುಬುರುಕ. ಅಂಜುವುದರಲ್ಲಿ ನನಗೆ ಭೇದಭಾವವಿಲ್ಲ. ನಾಯಿಗೆ, ಮಾಸ್ತರರಿಗೆ, ಬಸ್ಸಿನ ಕಂಡಕ್ಟರನಿಗೆ ಒಂದೇ ಸಮ ಅಂಜುತ್ತೇನೆ. ಇಂಥವನು ವಾದ ಮಾಡುವ ಸಂಘಕ್ಕೆ ಯಾಕೆ ಸೇರಿದೆ ಎಂದು ನೀವು ಕೇಳಬಹುದು. ಸೇರುವುದಿಲ್ಲ ಎನ್ನಲು ಅಂಜಿಕೆಯಾಗಿ ಸೇರಿದೆ.

ನಿಜಾಮನ ಆಳ್ವಿಕೆಯನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷದ ಮಾತು. ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದ ನಮ್ಮ ಕಡೆಯ ಹುಡುಗರು ರಜೆಯಲ್ಲಿ ಬಸವಕಲ್ಯಾಣದಲ್ಲಿ ಕೂಡಿ ವಾದಿಸುವ ಅಂಜುಮನ್ ಎಂಬ ಸಂಘ ಒಂದಿತ್ತು. ಅಧ್ಯಕ್ಷರು ನಮಗೆಲ್ಲ ಅಕ್ಷರ ಕಲಿಸಿದ ಮೌಲವಿ ಸಾಹೇಬರು. ಅಲ್ಲಿ ಉರ್ದುವಿನಲ್ಲೇ ಮಾತನಾಡಬೇಕು. ಕನ್ನಡ ಏನಿದ್ದರೂ ಹೊರಗೆ, ಚಹಾ ಕುಡಿಯುವಾಗ. ಹುಮನಾಬಾದಿನ ನನ್ನ ಗೆಳೆಯ ವೀರಶೆಟ್ಟಿಗೆ ಇದು ಸಾಕಾಗಿಹೋಗಿತ್ತು.

“ಹಳೇದು ಸುಧಾರಸೂದಿಲ್ಲೋ. ಹುಮನಾಬಾದದಾಗ ಹೊಸದು ಕಟ್ಟಾಕತ್ತೇವಿ. ನೀ ನಮ್ಮ ಕಡಿ ಕುಂದರದಿದ್ರ ನನ್ನ ಮಾರಿ ನೋಡಬ್ಯಾಡ,” ಎಂದ. ಹೂಂ ಎಂದೆ.

ಅದೇ ಸಂಜೆ ಮೌಲವಿ ಸಾಹೇಬರು ದಾರಿಯಲ್ಲಿ ಸಿಕ್ಕರು. ಒಡೆಯಬೇಡಿ, ಇದನ್ನೇ ಸುಧಾರಿಸೋಣ ಎಂದು ಉರ್ದುವಿನಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡರು. ಮಾತಿನ ನಡುವೆ ಎರಡು ಸಲ ಹಿಂದಿರುಗಿ ನೋಡಿದರು. ಆ ವರ್ಷ ಯಾರ ಮನಸ್ಸಿನಲ್ಲಿ ಏನಿದೆಯೋ ಎಂದು ಊರೆಲ್ಲ ಕತ್ತಲಾಗುವ ಮೊದಲೇ ಕದ ಹಾಕಿಕೊಳ್ಳುತ್ತಿತ್ತು. ಅವರಿಗೂ ಹೂಂ ಎಂದೆ.

ನಮ್ಮಲ್ಲಿ ಮತ ಹಾಕುವುದೆಂದರೆ ಕೂರುವುದು. ಹಳೆಯದನ್ನೇ ಸುಧಾರಿಸೋಣ ಎನ್ನುವವರು ಜಮಖಾನದ ಬಲಕ್ಕೆ, ಹೊಸದೇ ಬೇಕೆನ್ನುವವರು ಎಡಕ್ಕೆ. ಹೊತ್ತು ಮೀರಿಸಿ ಹೋದರೆ ಎಲ್ಲ ಮುಗಿದಿರುತ್ತದೆಂದು ಬೇಕೆಂದೇ ತಡಮಾಡಿದೆ. ಒಳಗೆ ಕಾಲಿಟ್ಟರೆ ಎರಡೂ ಕಡೆ ಸಮಸಮ! ನನಗಾಗಿಯೇ ಕಾದು ಕುಳಿತಿದ್ದರು. ಎಡಗಡೆಯಿಂದ ವೀರಶೆಟ್ಟಿ ತನ್ನ ಪಕ್ಕದ ಜಾಗ ತಟ್ಟಿದ. ಸಾಹೇಬರು ತಲೆಯನ್ನೇ ಎತ್ತಲಿಲ್ಲ. ಕಲಿತ ಉರ್ದುವೆಲ್ಲ ಮರೆತೇಹೋಯಿತು.

“ಸಾಹೇಬ್ರ, ನನಗ ಭಾಳ ಅಂಜಿಕಿ ಬರಾಕತ್ತದರಿ!” ಎಂದುಬಿಟ್ಟೆ.

ಸಾಹೇಬರು ಆಗ ತಲೆ ಎತ್ತಿದರು.

“ನನಗೂ ಅಂಜಿಕಿ ಅದ, ಬೇಟಾ,” ಎಂದರು. ಅಂಜುಮನ್ನಿನೊಳಗೆ, ಅದೂ ಕನ್ನಡದಲ್ಲಿ! “ಬಾ, ಕುಂದರು. ಇನ್ನ ಮ್ಯಾಲ ಯಾರಿಗಿ ಯಾವ ಮಾತು ಬರ್ತದೋ ಅದರಾಗೇ ಮಾತಾಡ್ರಿ.”

ವೀರಶೆಟ್ಟಿ ಎದ್ದು ಬಲಕ್ಕೆ ಹೋಗಿ ಸಾಹೇಬರ ಹತ್ತಿರ ಕುಳಿತ. ಅವನ ಹಿಂದೆ ಉಳಿದವರೂ ಸರಿದರು. ನನಗೆ ಕಣ್ಣು ತುಂಬಿ ಬಂತು.

ಹುಮನಾಬಾದಿನವರು ಈಗಲೂ ನನ್ನನ್ನು ತೋರಿಸಿ, ಅಂಜುಮನ್ನಿನಲ್ಲಿ ಮೊಟ್ಟಮೊದಲು ಕನ್ನಡ ಮಾತಾಡಿದ ಧೈರ್ಯವಂತ ಇವನೇ ಎನ್ನುತ್ತಾರೆ. ಏನು ಮಾತಾಡಿದೆ ಎಂದು ಯಾರೂ ಕೇಳಿಲ್ಲ. ನಾನಾಗಿ ಹೇಳಲು ಅಂಜಿಕೆ.