ನಮ್ಮ ಕಾಕಾ ಹೂ ಕೀಳುವುದಿಲ್ಲ

ಉಣಕಲ್ಲಿನ ನಮ್ಮ ಓಣಿಯಲ್ಲಿ ಹೂಗಳ್ಳರಿಗೆ ಯಾರೂ ಹೆದರುವುದಿಲ್ಲ. ಅವರು ನಸುಕಿನಲ್ಲಿ ಬರುತ್ತಾರೆ, ಕಂಡವರ ಕಾಂಪೌಂಡಿನಿಂದ ಕೈಗೆಟುಕಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಳ್ಳುತ್ತಾರೆ, ಹೋಗುತ್ತಾರೆ. ಅವರದು ಅರ್ಥವಾಗುವ ವ್ಯವಹಾರ. ಓಣಿಗೆ ಓಣಿಯೇ ಹೆದರುವುದು ಹೂ ಕದಿಯದ ಒಬ್ಬ ಮನುಷ್ಯನಿಗೆ. ಆತ ನಮ್ಮ ಕಾಕಾ!

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ದುರ್ಗದಬೈಲಿನ ಪೇಟೆಯಲ್ಲಿ ಹಗ್ಗದ ಅಂಗಡಿ ಇಟ್ಟಿದ್ದಾನೆ. ದಿನಾ ಬೆಳಿಗ್ಗೆ ಕೆರೆಯ ಕಡೆ ನಡೆದು ಹೊರಡುತ್ತಾನೆ, ದಾರಿಯಲ್ಲಿ ಯಾವುದಾದರೊಂದು ಹೂವಿನ ಮುಂದೆ ನಿಲ್ಲುತ್ತಾನೆ. ಕೀಳುವುದಿಲ್ಲ, ಮುಟ್ಟುವುದಿಲ್ಲ, ಮೂಸುವುದೂ ಇಲ್ಲ. ಸುಮ್ಮನೆ ನೋಡುತ್ತಾನೆ. ಅದೂ ಒಂದೇ ಕಣ್ಣಿನಿಂದ. ಎಡಗಣ್ಣು ಎಂದೋ ಹೋಗಿದೆ. ಉಳಿದ ಬಲಗಣ್ಣೂ ಕಳೆದ ವರ್ಷದಿಂದ ಮಬ್ಬಾಗತೊಡಗಿತ್ತು. ಕಣ್ಣೊಳಗೆ ಒತ್ತಡ ಹೆಚ್ಚಿದೆ, ಆಪರೇಷನ್ ಮಾಡಬೇಕು, ಆದರೂ ದೃಷ್ಟಿ ಉಳಿಯುವ ಭರವಸೆ ಕೊಡಲಾಗದು ಎಂದು ಡಾಕ್ಟರು ಹೇಳಿದ್ದರು. ಇದನ್ನು ಕೇಳಿದ ಮೇಲಾದರೂ ಕಾಕಾ ಕಣ್ಣಿಗೆ ವಿಶ್ರಾಂತಿ ಕೊಡುತ್ತಾನೆ ಎಂದು ನಾವು ತಿಳಿದೆವು. ಆತ ಹೂವಿನ ಮುಂದೆ ನಿಲ್ಲುವ ಹೊತ್ತನ್ನು ಹೆಚ್ಚು ಮಾಡಿದ!

ನೋಡಿ ಬಂದ ಮೇಲೆ ಸ್ನಾನ. ವಿಭೂತಿ ಹಚ್ಚಿಕೊಂಡು, ಕೊರಳಲ್ಲಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂಡುತ್ತಾನೆ. ಎಲ್ಲರೂ ಲಿಂಗದ ಮೇಲೆ ಹೂ ಏರಿಸುವ ಹೊತ್ತಿಗೆ ಕಾಕಾ ತಾನು ನೋಡಿದ ಹೂವನ್ನು ಬಾಯಿಂದ ಹೇಳುತ್ತಾನೆ.

"ಇವತ್ತ ಎಕ್ಕಿ ಹೂ ನೋಡಿದೆ. ನಟ್ಟನಡುವ ಸಣ್ಣ ಕಿರೀಟ ಇಟ್ಟಂಗ ಐತಿ. ಅದರ ಸುತ್ತ ಒಂದು ಇರುವಿ ದಾರಿ ತಪ್ಪಿ ತಿರಗಾಕತ್ತಿತ್ತು. ಕಡೀಕ ಇಳದು ಹೋತು."

ಮುಗಿಯಿತು. ಆ ದಿನದ ಪೂಜೆಗೆ ಅಷ್ಟೇ ಹೂವು. ನಾಳೆಗೆ ಇದು ನಡೆಯುವುದಿಲ್ಲ. ನಾಳೆಯದನ್ನು ನಾಳೆಯೇ ನೋಡಬೇಕು.

ನಾನು ಪತ್ರಿಕೆಯವನು, ಪ್ರಶ್ನೆ ಕೇಳದೆ ಬಿಡುವ ಅಭ್ಯಾಸವಿಲ್ಲ. "ಕಾಕಾ, ಗಿಡದಾಗಿನ ಹೂ ದೇವರಿಗೆ ಮೊದಲ ಕಾಣತೈತಿ. ಮತ್ಯಾಕ ಹೇಳೋದು?"

"ಆಂವ ನೋಡ್ಯಾನ, ಖರೇ. ನಾ ನೋಡೀನೋ ಇಲ್ಲೋ, ಅದನ್ನ ಹೇಳಬ್ಯಾಡೇನು?"

ಎರಡನೆಯ ಪ್ರಶ್ನೆ ಕಾಕುವಿನದು.

ಕಾಕಾನ ಹೆಂಡತಿಯಾದ ಆಕೆ ದೇವರ ಜಗಲಿಗೆ ತಪ್ಪದೆ ಮಾಲೆ ಕಟ್ಟುವವಳು. ಹೂವಿಲ್ಲದ ಪೂಜೆ ಆಕೆಗೆ ಉಪ್ಪಿಲ್ಲದ ಸಾರು. "ಅಷ್ಟೊತ್ತು ಬಿಸಲಾಗ ಯಾಕ ನಿಂದರ್ತೀರಿ? ಫೋನಿನ್ಯಾಗ ಫೋಟೋ ಹೊಡಕೊಂಡು ಬರ್ರಿ, ಲಿಂಗದ ಮುಂದ ಹಿಡದ್ರಾತು!" ಎಂದಳು ಒಮ್ಮೆ.

"ಹಂಗಾರ ನಾಳಿಯಿಂದ ಆ ಫೋನಿಗೇ ವಿಭೂತಿ ಹಚ್ಚು. ಅದ ಪೂಜಾ ಮಾಡಲಿ," ಎಂದ ಕಾಕಾ.

ಈ ನೋಡುವ ವ್ರತದಿಂದ ಓಣಿಗೆ ಆದ ತೊಂದರೆಯನ್ನೂ ದಾಖಲಿಸಬೇಕು. ಮೂಲೆಮನೆಯ ಯಜಮಾನತಿ ಬಾಯಾರು ಹೂಗಳ್ಳರ ಕಾಟಕ್ಕೆ ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಟೀವಿಯಲ್ಲಿ ನೋಡಿದರೆ ಗೇಟಿನ ಹೊರಗೆ ದಾಸವಾಳದ ಮುಂದೆ ಒಬ್ಬ ಮನುಷ್ಯ. ಚಹಾ ಮುಗಿಯಿತು, ಮನುಷ್ಯ ಅಲ್ಲೇ. ಅವಲಕ್ಕಿ ಒಗ್ಗರಣೆ ಮುಗಿಯಿತು. ಮನುಷ್ಯ ಅಲ್ಲೇ, ಕೈ ಹಿಂದೆ ಕಟ್ಟಿಕೊಂಡು, ಅದೇ ಭಂಗಿಯಲ್ಲಿ! ಹೊಸ ಕ್ಯಾಮೆರಾ ಒಂದೇ ದಿನಕ್ಕೆ ಕೆಟ್ಟಿತೆಂದು ಬಾಯಾರು ಅದನ್ನು ಕೂಡಿಸಿದವನಿಗೆ ಫೋನ್ ಮಾಡಿ ಬೈದರು. ಆತ ಪಾಪ ಎದ್ದುಬಿದ್ದು ಬಂದ, ಏಣಿ ಹಚ್ಚಿ ವೈರು ಜಗ್ಗಿ ನೋಡಿದ, ಆಮೇಲೆ ಕೆಳಗೆ ನೋಡಿದ.

"ಬಾಯಾರ, ಕ್ಯಾಮೆರಾ ಚೊಲೋನ ಐತ್ರಿ. ಹ್ಯಾಂಗ್ ಆಗಿದ್ದು ಈ ಕಾಕಾರು!"

ಬಾಯಾರು ಹೊರಗೆ ಬಂದು, "ಬೇಕಾದ್ರ ನಾಕು ಹರಕೊಂಡು ಹೋಗ್ರಿ ಕಾಕಾರ, ಹಿಂಗ ನಿಂದ್ರಬ್ಯಾಡ್ರಿ, ಎದಿ ಡವಡವ ಅಂತೈತಿ," ಎಂದು ಕೈಮುಗಿದರು. ಕಾಕಾ ತಾನೂ ಕೈಮುಗಿದು, "ಮುಗೀತ್ರಿ, ಒಂದು ಎಸಳು ಉಳದೈತಿ," ಎಂದ.

ಅಂಗಡಿಯಲ್ಲೂ ಇದೇ ಕಥೆ. ತೊಟ್ಟಿಲಿಗೆ ಹಗ್ಗ ಕೇಳಿಕೊಂಡು ಯಾರಾದರೂ ಬಂದರೆ ಮಗುವಿನ ತೂಕದಿಂದ ಹಿಡಿದು ಜಂತಿಯ ಎತ್ತರದವರೆಗೆ ಕೇಳಿ ತಿಳಿದುಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಹಿಂದೆ ನಿಂತ ಇನ್ನೊಬ್ಬ ಗಿರಾಕಿ ಆತನಿಗೆ ಕಾಣುವುದೇ ಇಲ್ಲ.

"ಕಾಕಾರ, ನಿಂತು ನಿಂತು ಗಡ್ಡ ಬಂತ್ರಿ!"

"ಬರಲಿ ತಮ್ಮಾ. ನಿನ್ನ ಪಾಳಿ ಬಂದಾಗ ಅದನ್ನೂ ಸಮಾಧಾನದಿಂದ ನೋಡೋಣಂತ."

ಗಿರಾಕಿಗಳು ಬೈಯುತ್ತಾರೆ. ಮತ್ತೆ ಅಲ್ಲಿಗೇ ಬರುತ್ತಾರೆ. ಯಾಕಿರಬಹುದು? ದುರ್ಗದಬೈಲಿನ ಆ ಗದ್ದಲದಲ್ಲಿ ಒಬ್ಬ ಮನುಷ್ಯ ತಮ್ಮ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಅವರಿಗೂ ಹೊಸತೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಕರಣ ಕೆರೆಯದು. ಕೆರೆಯಲ್ಲಿ ಅಂತರಗಂಗೆಯ ಕಳೆ ತುಂಬಿಕೊಂಡಿತ್ತು. ತೆಗೆಯಲು ಯಂತ್ರ ಬಂತು. ಅಂತರಗಂಗೆ ಕೆರೆಗೆ ಶತ್ರು, ನಿಜ. ಆದರೆ ಅದರ ನೀಲಿ ಹೂವಿನ ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟೊಂದು ಇರುತ್ತದೆ. ಇದು ನನಗೆ ಕಾಕಾನಿಂದಲೇ ಗೊತ್ತಾಗಿದ್ದು. ಯಂತ್ರದ ಕೈ ದಂಡೆಯ ಹತ್ತಿರ ಬಂದಾಗ ಕಾಕಾ ಅಡ್ಡ ನಿಂತ.

"ಸ್ವಲ್ಪ ತಡೀರಿ. ಇದನ್ನ ನೋಡೋದು ಮುಗದಿಲ್ಲ."

"ಕಾಕಾರ, ಕೆರಿ ತುಂಬ ಇದ ಹೂ ಐತಿ! ಆ ಕಡೆದು ನೋಡಕೋರಿ," ಎಂದ ಯಂತ್ರದ ಮೇಲಿದ್ದವನು.

"ನಾ ಇದನ್ನ ಶುರು ಮಾಡೀನಲ್ಲಪಾ."

ಯಂತ್ರ ನಿಂತಿತು. ಓಡಿಸುವವನು ಕೆಳಗಿಳಿದು, ಬೀಡಿ ಹೊತ್ತಿಸಿ, ಇಷ್ಟು ನೋಡುವಂಥದ್ದೇನಿದೆ ಎಂದು ತಾನೂ ಬಾಗಿದ. ಬೀಡಿ ಆರಿದ್ದು ಅವನಿಗೆ ಗೊತ್ತಾಗಲಿಲ್ಲ. ಆ ಬೆಳಿಗ್ಗೆ ಕೆರೆ ಸ್ವಚ್ಛಗೊಳಿಸುವ ಕೆಲಸ ತಡವಾದದ್ದಕ್ಕೆ ಕಾರಣ ಏನೆಂದು ನಮ್ಮ ಪತ್ರಿಕೆಯೂ ಬರೆಯಲಿಲ್ಲ!

ಹೀಗಿರುವಾಗ ಆಪರೇಷನ್ನಿನ ದಿನ ಬಂತು. ಆಗಲೂ ಆತ ಡಾಕ್ಟರನ್ನು ಕೇಳಿದ್ದು ದೃಷ್ಟಿ ಬರುತ್ತದೋ ಇಲ್ಲವೋ ಎಂದಲ್ಲ. "ಪಟ್ಟಿ ಕಟ್ಟಿದ ಮ್ಯಾಲೆ ನಾಳಿ ಪೂಜಾಕ್ಕ ಏನ ಮಾಡ್ಲಿ?" ಎಂದು ಕೇಳಿದ. ಡಾಕ್ಟರ ಓದಿನಲ್ಲಿ ಈ ಪ್ರಶ್ನೆ ಬಂದಿರಲಿಕ್ಕಿಲ್ಲ.

ಮರುದಿನ ಮನೆಯಲ್ಲಿ ಕಾಕಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹೇಳಲು ಏನೂ ಇಲ್ಲದೆ ಕುಳಿತಿದ್ದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆತನ ಪೂಜೆ ನಿಂತುಹೋಗುವುದರಲ್ಲಿತ್ತು. ನೋಡಲಾಗದೆ ನಾನು ಮೂಲೆಮನೆಗೆ ಹೋಗಿ ಬಂದು ವರದಿ ಒಪ್ಪಿಸಿದೆ: "ಕೆಂಪು ದಾಸವಾಳ. ಐದು ಎಸಳು. ಕಾಂಪೌಂಡಿನ ಬಲಕ್ಕ."

"ಗಾಯಾಳು ಎಷ್ಟು ಮಂದಿ, ಅದನ್ನೂ ಹೇಳಿಬಿಡು," ಎಂದ ಕಾಕಾ. "ತಮ್ಮಾ, ನೀ ಪೇಪರಿಗೆ ಬರದು ಬಂದಿ. ನೋಡಿಲ್ಲ."

ನನ್ನ ವರದಿ ತಿರಸ್ಕೃತವಾಯಿತು.

ಕಾಕು ಎದ್ದು ಹಿತ್ತಿಲಿಗೆ ಹೋದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಂಬಳದ ಬಳ್ಳಿ ಇದೆ. ಆಕೆ ದಿನಾ ಅದರ ಮೇಲೆ ಒದ್ದೆ ಬಟ್ಟೆ ಹರವುವವಳು, ಒಮ್ಮೆಯೂ ಅದನ್ನು ನಿಂತು ನೋಡಿದವಳಲ್ಲ. ಹೋದವಳು ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಕಾಕುವಿನ ಸಂಸಾರದಲ್ಲಿ ಹಾಲು ಉಕ್ಕಿದ್ದನ್ನು ನಾನು ಕಂಡಿದ್ದೇ ಇಲ್ಲ! ನಾನೇ ಓಡಿಹೋಗಿ ಗ್ಯಾಸ್ ಬಂದ್ ಮಾಡಿದೆ. ಸಾಕಷ್ಟು ಹೊತ್ತಾದ ಮೇಲೆ ಆಕೆ ಬಂದು ಕಾಕಾನ ಎದುರು ಕುಳಿತಳು.

"ಕುಂಬಳ ಹೂ ನೋಡಿ ಬಂದೆ."

"ಹೆಂಗಿತ್ತು?"

ಕಾಕು ಬಾಯಿ ತೆರೆದಳು. ಒಂದು ಜೇನುಹುಳ, ಅಷ್ಟು ದೊಡ್ಡ ಹಳದಿ ಎಂದೇನೋ ಶುರು ಮಾಡಿ ನಿಲ್ಲಿಸಿದಳು. ದಿನವಿಡೀ ಮಾತಾಡುವ ಹೆಂಗಸು. "ಹೇಳಾಕ ಬರವಲ್ದುರೀ," ಎಂದಳು.

ಕಾಕಾ ಅಂಗೈಯನ್ನು ಮುಖದ ಹತ್ತಿರ ತಂದು ಲಿಂಗಕ್ಕೆ ಹೇಳಿದ: "ಇವತ್ತ ಆಕಿ ನೋಡ್ಯಾಳ. ಹೇಳಾಕ ಬರಲಿಲ್ಲಂತ."

ಪೂಜೆ ಮುಗಿಯಿತು.

ಪಟ್ಟಿ ಬಿಚ್ಚಿದ ಮೇಲೆ ಗೊತ್ತಾದದ್ದು ಇಷ್ಟು: ಬೆಳಕು ಕಾಣುತ್ತದೆ. ಹತ್ತಿರ ನಿಂತವರು ಮಬ್ಬಾಗಿ, ಆಕಾರವಾಗಿ ಕಾಣುತ್ತಾರೆ. ಹೂ ಕಾಣುವುದಿಲ್ಲ. ಇದಕ್ಕಿಂತ ಹೆಚ್ಚು ನಿರೀಕ್ಷೆ ಬೇಡವೆಂದರು ಡಾಕ್ಟರು. ಕಾಕಾ ಅವರಿಗೆ ಕೈಮುಗಿದು ಎದ್ದು ಬಂದ.

ಈಗ ಬೆಳಿಗ್ಗೆ ಇಬ್ಬರೂ ಕೂಡಿ ಹೋಗುತ್ತಾರೆ. ಕಾಕು ಹೂವಿನ ಮುಂದೆ ನಿಲ್ಲುತ್ತಾಳೆ, ಕಾಕಾ ಪಕ್ಕದಲ್ಲಿ. ಮನೆಗೆ ಬಂದ ಮೇಲೆ ಆಕೆ ಹೇಳುತ್ತಾಳೆ, ಈತ ಅದನ್ನು ಲಿಂಗಕ್ಕೆ ಮುಟ್ಟಿಸುತ್ತಾನೆ. ಕಾಕುವಿಗೆ ಈಗ ಹೇಳಲು ಚೆನ್ನಾಗಿ ಬರುತ್ತದೆ, ನಿಲ್ಲಿಸುವುದೇ ಕಷ್ಟ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಕೆರೆಯ ದಂಡೆಯಲ್ಲಿ ಕಣಗಿಲೆ ಹೂ ಬಿಟ್ಟಿತ್ತು. ಕಾಕು ಕೈ ಹಿಂದೆ ಕಟ್ಟಿಕೊಂಡು, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಒಂದೇ ಗೊಂಚಲಿಗೆ ಕಣ್ಣು ನೆಟ್ಟಿದ್ದಳು. ಎಳೆಬಿಸಿಲು ಆಕೆಯ ಬಿಳಿ ಕೂದಲಿನ ಮೇಲೆ ಬಿದ್ದಿತ್ತು. ಕಾಕಾ ತೀರ ಹತ್ತಿರ ನಿಂತಿದ್ದ. ಆದರೆ ಆತನ ಮುಖ ತಪ್ಪು ದಿಕ್ಕಿಗಿತ್ತು.

ನಾನು ಮೆಲ್ಲಗೆ ತೋಳು ಹಿಡಿದು ಹೇಳಿದೆ: "ಕಾಕಾ, ಗಿಡ ಆ ಕಡೆ ಐತಿ."

"ಗೊತ್ತೈತಿ. ನೀ ಸುಮ್ನಿರು," ಎಂದ ಕಾಕಾ, ಕಾಕುವಿನ ಕಡೆಯಿಂದ ಮುಖ ತಿರುಗಿಸದೆ. "ಇವತ್ತಿಂದು ನಾ ನೋಡಾಕತ್ತೇನಿ."