ನಾಯಕನ ಅಕ್ಕತಂಗಿಯರು

ಕನ್ನಡಕದ ಅಂಗಡಿಯ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಆ ಮೂರು ಸಿನಿಮಾ ಟಿಕೆಟುಗಳನ್ನು ಕೌಂಟರಿನ ಮೇಲಿಟ್ಟರು. ಮಧ್ಯಾಹ್ನ ಬಣ್ಣ ಬಳಿಯುವವರು ಬರುತ್ತಾರೆ, ಕೆಲಸವಂತೂ ಆಗುವುದಿಲ್ಲ, ಮೂವರೂ ಹೋಗಿ ಬನ್ನಿ, ಇವತ್ತೇ ಕೊನೆಯ ಆಟ ಎಂದರು. ಯಾವುದೋ ದೂರದ ದೇಶದ ಚಿತ್ರ. ಮಾತು ತಿಳಿಯದಿದ್ದರೂ ಕೆಳಗೆ ನಮ್ಮ ಭಾಷೆಯಲ್ಲಿ ಅಕ್ಷರ ಬರುತ್ತದೆ. ಕತೆಯನ್ನು ಮಾತ್ರ ಕ್ಯಾಷ್ ಕೌಂಟರಿನ ಹುಡುಗಿಯ ಎದುರು ಹೇಳಲು ಸಂಕೋಚಪಟ್ಟು ಒಳಕೋಣೆಗೆ ಬಂದು ಮೆಲ್ಲಗೆ ಹೇಳಿದರು: ಹೆಣ್ಣುಗಳ ಹಿಂದೆ ಸುತ್ತಿದ ಶೋಕಿಲಾಲನೊಬ್ಬನಿಗೆ ಹಳೆಯ ಪ್ರೇಯಸಿಯರೆಲ್ಲ ಒಟ್ಟಿಗೆ ಗಂಟುಬೀಳುವ ಕತೆಯಂತೆ, ನಕ್ಕು ನಕ್ಕು ಸಾಕಾಗುತ್ತದಂತೆ.

ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ರಸಿಕನ ಕೈಯಿಂದ ಗಾಜು ಜಾರಿ ನೆಲಕ್ಕೆ ಬಿತ್ತು.

ರಸಿಕ ಎಂಬುದು ಅವನ ಹೆಸರಲ್ಲ, ಅಂಗಡಿಯಲ್ಲಿ ಗಳಿಸಿದ ಬಿರುದು. ಪಾಪ, ಹುಟ್ಟಿದಾಗಿನಿಂದ ಒಂದು ಹೆಣ್ಣಿನ ಜೊತೆ ನೆಟ್ಟಗೆ ನಾಲ್ಕು ಮಾತಾಡಿದವನಲ್ಲ. ಆದರೆ ಒಮ್ಮೆ ಊಟದ ಹೊತ್ತಿನಲ್ಲಿ ಸೇಲ್ಸ್‌ಮನ್ ಅವನನ್ನು ರೇಗಿಸಿದ್ದ. ಎಲ್ಲರ ಸುದ್ದಿಯನ್ನೂ ಊರಿಗೆಲ್ಲ ಬಿತ್ತರಿಸುವ ಈ ಸೇಲ್ಸ್‌ಮನ್ನಿಗೆ ರೇಡಿಯೋ ಎಂದೇ ಹೆಸರು. "ನಿನ್ನನ್ನ ಯಾವ ಹುಡುಗಿ ತಿರುಗಿ ನೋಡ್ತಾಳೆ ಬಿಡು" ಎಂದುಬಿಟ್ಟ, ಅದೂ ಕ್ಯಾಷ್ ಕೌಂಟರಿನ ಹುಡುಗಿಯ ಎದುರಿಗೆ. ರಸಿಕನಿಗೆ ಮೈಯೆಲ್ಲ ಉರಿಯಿತು. ಹಿಂದೆ ಪರವೂರಿನಲ್ಲಿ ನೋಡಿದ್ದ ಚಿತ್ರವೊಂದರಿಂದ ಒಬ್ಬ ಪ್ರೇಯಸಿಯನ್ನು ಎತ್ತಿ ತಂದು ತನ್ನ ಬಾಳಿನಲ್ಲಿ ಕೂರಿಸಿದ. ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದು ಆ ಕತೆ ಕೇಳಿದಳು. ಅಷ್ಟು ಸಾಕಾಯಿತು. ಹೂವಿನಂಗಡಿಯವಳ ಹಿಂದೆ ಪಿಟೀಲು ಟೀಚರು, ಅವಳ ಹಿಂದೆ ಹಲ್ಲಿನ ಡಾಕ್ಟರು, ಹೀಗೆ ಚಿತ್ರದ ಪ್ರೇಯಸಿಯರೆಲ್ಲ ಸಾಲಾಗಿ ಬಂದು ಅಂಗಡಿಯ ಊಟಕ್ಕೆ ಕೂತರು.

ಆ ಚಿತ್ರವೇ ಈ ಚಿತ್ರ.

ಬರೀ ಮರ್ಯಾದೆಯ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ನನ್ನನ್ನು ಮದುವೆಯಾಗ್ತೀರಾ ಎಂದು ಆ ಹುಡುಗಿಯನ್ನು ಇವತ್ತು ಕೇಳಿಯೇಬಿಡಬೇಕೆಂದು ಅವನು ವಾರದಿಂದ ಧೈರ್ಯ ಕೂಡಿಸಿಕೊಂಡಿದ್ದ. ಆ ಕತೆಗಳಿಗೇ ಅವಳು ಮನಸೋತಿದ್ದಾಳೆ ಎಂದು ಅವನ ನಂಬಿಕೆ. ಅವಳು ಚಿತ್ರ ನೋಡಿದರೆ ತಾನು ಸುಳ್ಳುಗಾರ ಎಂಬುದು ಬಯಲಾಗುತ್ತದೆ, ಮದುವೆಯ ಮಾತು ಅಲ್ಲಿಗೆ ಮುಗಿಯುತ್ತದೆ.

ಮೊದಲು ರೇಡಿಯೋವನ್ನು ದಾರಿಯಿಂದ ಸರಿಸಬೇಕಿತ್ತು. ಬಣ್ಣದವರು ಶೋಕೇಸಿಗೆ ಏಣಿ ಒರಗಿಸಿದರೆ ಎಲ್ಲ ಪುಡಿಪುಡಿ, ಜವಾಬ್ದಾರಿ ಇರುವವರು ಯಾರಾದರೂ ನಿಂತು ನೋಡಿಕೊಳ್ಳಬೇಕು, ರೇಡಿಯೋ ಬಿಟ್ಟರೆ ಇನ್ಯಾರಿದ್ದಾರೆ ಎಂದು ಯಜಮಾನರ ಕಿವಿಯಲ್ಲಿ ಊದಿದ. ರೇಡಿಯೋ ಗೊಣಗುತ್ತ ಅಂಗಡಿಯಲ್ಲೇ ಉಳಿದ.

ಹುಡುಗಿ ಮಾತ್ರ ಜಗ್ಗಲಿಲ್ಲ. ಥಿಯೇಟರಿನಲ್ಲಿ ಸೆಕೆ ಎಂದ, ಸೀಟಿನಲ್ಲಿ ತಿಗಣೆ ಎಂದ. "ಪರವಾಗಿಲ್ಲ, ನೀವು ಜೊತೇಲಿ ಇರ್ತೀರಲ್ಲ" ಎಂದಳು. ರಸಿಕ ಒಂದು ಗಳಿಗೆ ಸ್ವರ್ಗಕ್ಕೆ ಹೋಗಿ ಬಂದ. ಬಂದಮೇಲೆ ಮತ್ತೆ ಬೆವರಿದ. ಆಗಲೇ ಅವಳ ಮೂಗಿನ ಮೇಲಿದ್ದ ದಪ್ಪ ಕನ್ನಡಕ ಅವನ ಕಣ್ಣಿಗೆ ಬಿತ್ತು.

ಗಾಜಿನ ಮೇಲೆ ಗೀರು ಬಿದ್ದಿದೆ, ಕೊಡಿ, ಉಜ್ಜಿ ಕೊಡುತ್ತೇನೆ ಎಂದು ಈಸಿಕೊಂಡ. ಒಳಗೆ ಹೋಗಿ ಅವಳ ಗಾಜು ಕಳಚಿ ಜೇಬಿಗೆ ಹಾಕಿಕೊಂಡು, ಯಾವುದೋ ನಂಬರಿನ ಗಾಜನ್ನು ಅದೇ ಅಳತೆಗೆ ಕತ್ತರಿಸಿ ಫ್ರೇಮಿಗೆ ಕೂರಿಸಿದ. ಅವಳು ಹಾಕಿಕೊಂಡು ಕಣ್ಣು ಕಿವುಚಿದಳು. ಹೊಸದಾಗಿ ಉಜ್ಜಿದ ಗಾಜಿಗೆ ಕಣ್ಣು ಹೊಂದಿಕೊಳ್ಳಲು ಒಂದು ದಿನ ಬೇಕು ಎಂದು ಡಾಕ್ಟರ ಗತ್ತಿನಲ್ಲಿ ಹೇಳಿದ. ಗಾಜಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ.

ಚಿತ್ರ ಶುರುವಾಯಿತು. ಅವಳಿಗೆ ಪರದೆಯ ಮೇಲೆ ಯಾರೋ ಓಡಾಡುವುದು ಕಾಣುತ್ತಿತ್ತು, ಕೆಳಗಿನ ಅಕ್ಷರ ಇರುವೆಸಾಲಿನಂತಿತ್ತು. ನೀವೇ ಓದಿ ಹೇಳಿ ಎಂದು ಅವನ ಕಡೆ ವಾಲಿದಳು. ಅಷ್ಟರಲ್ಲಿ ಹೂವಿನಂಗಡಿಯವಳು ಓಡಿ ಬಂದು ನಾಯಕನ ಕೊರಳಿಗೆ ಬಿದ್ದಳು.

"ಯಾರಿವಳು?"

"ಅಕ್ಕ" ಎಂದ ರಸಿಕ. ಬಾಯಿಗೆ ಅದೇ ಬಂತು.

"ಇಷ್ಟು ಗಟ್ಟಿಯಾಗಿ ಅಪ್ಕೊಂಡಿದಾಳಲ್ಲ."

"ದೂರದ ಊರಿಗೆ ಕೊಟ್ಟಿದಾರಂತೆ. ತಮ್ಮನ್ನ ನೋಡಿ ಎಷ್ಟು ದಿನ ಆಗಿತ್ತೋ ಪಾಪ."

ಪಿಟೀಲು ಟೀಚರು ಎರಡನೆಯ ಅಕ್ಕನಾದಳು. ಬಾಯಿಗೆ ಮುತ್ತಿಟ್ಟ ಹಾಗಿತ್ತಲ್ಲ ಎಂದು ಹುಡುಗಿ ಅನುಮಾನಪಟ್ಟಳು. "ಹಣೆಗೆ ಮೇಡಂ. ನಿಮ್ಮ ಕಣ್ಣು ಇನ್ನೂ ಗಾಜಿಗೆ ಹೊಂದಿಕೊಂಡಿಲ್ಲ" ಎಂದ. ಹಲ್ಲಿನ ಡಾಕ್ಟರು ನಾಯಕನ ಕಪಾಳಕ್ಕೆ ಬಾರಿಸಿ ಚಿಕ್ಕಮ್ಮನ ಮಗಳಾದಳು. ಇವನು ಮನೆ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದಾನೆಂದು ಸಿಟ್ಟಂತೆ. ಇನ್ನೊಬ್ಬಳ ಮಂಚದ ಕೆಳಗಿಂದ ನಾಯಕ ಚಡ್ಡಿಯಲ್ಲಿ ತೆವಳಿ ಹೊರಬಂದ. ತಂಗಿಯ ಮಗುವಿನ ಚೆಂಡು ಹುಡುಕುತ್ತಿದ್ದಾನೆ ಎಂದ ರಸಿಕ. ಥಿಯೇಟರೆಲ್ಲ ಹೊಟ್ಟೆ ಹಿಡಿದು ನಕ್ಕಿತು.

"ಇದಕ್ಕೆ ಯಾಕೆ ನಗ್ತಾರೆ?"

"ಅಕ್ಕತಂಗಿ ಇಲ್ಲದ ಜನ. ಅವರಿಗೇನು ಗೊತ್ತು?"

ಹಿಂದಿನ ಸೀಟಿನ ದಪ್ಪ ಮನುಷ್ಯ ಬಗ್ಗಿ, "ರೀ ಸ್ವಾಮಿ, ನೀವು ಯಾವ ಸಿನಿಮಾ ನೋಡ್ತಿದೀರಿ?" ಎಂದು ಕೇಳಿದ. ರಸಿಕ ಹುಡುಗಿಗೆ ಕಾಣದಂತೆ ಕೈಮುಗಿದ, ಕಣ್ಣಲ್ಲಿ ನೀರು ತಂದುಕೊಂಡ. ಇವನಿಗೆ ತಲೆ ಸರಿಯಿಲ್ಲ ಎಂದುಕೊಂಡು ಆ ಮನುಷ್ಯ ದೂರದ ಸಾಲಿಗೆ ಹೋಗಿ ಕೂತ.

ಆಮೇಲೆ ರಸಿಕನಿಗೆ ಹುರುಪು ಬಂತು. ಕೊನೆಯಲ್ಲಿ ಪ್ರೇಯಸಿಯರೆಲ್ಲ ನಾಯಕನನ್ನು ಒಂದು ಕೋಣೆಯಲ್ಲಿ ಮುತ್ತಿಕೊಂಡು ಚಪ್ಪಲಿ ಎತ್ತಿದರು. ಅಕ್ಕತಂಗಿಯರೆಲ್ಲ ಸೇರಿ ಇವನನ್ನು ಮದುವೆಗೆ ಒಪ್ಪಿಸುತ್ತಿದ್ದಾರೆ ಎಂದ. ನಿಮ್ಮೆಲ್ಲರ ಬಾಳು ಒಂದು ದಡ ಸೇರಿದ ಮೇಲೇ ನನ್ನದು, ಅಲ್ಲೀತನಕ ಒಂದು ಹೆಣ್ಣನ್ನೂ ಕಣ್ಣೆತ್ತಿ ನೋಡಲ್ಲ ಎಂದು ನಾಯಕ ಅಳುತ್ತಿದ್ದಾನೆ ಎಂದ. ಇಡೀ ಥಿಯೇಟರು ಬಿದ್ದು ಬಿದ್ದು ನಗುತ್ತಿತ್ತು. ಅವಳೊಬ್ಬಳು ಮಾತ್ರ ಕರ್ಚೀಫು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಗೆದ್ದೆ ಎಂದುಕೊಂಡ ರಸಿಕ. ಹೊರಗೆ ಮೆಟ್ಟಿಲ ಹತ್ತಿರ ನಿಂತು, "ಮೇಡಂ, ಒಂದು ಮಾತು ಕೇಳ್ಬೇಕಿತ್ತು" ಎಂದ.

"ನನಗೂ ಹೇಳೋದಿತ್ತು" ಎಂದಳು ಅವಳು. "ಮನೇಲಿ ಮದುವೆ ಮಾತು ನಡೀತಿದೆ. ಮನಸ್ಸಲ್ಲಿ ಯಾರಾದ್ರೂ ಇದ್ರೆ ಹೇಳಮ್ಮ ಅಂದ್ರು ಅಪ್ಪ. ನಿಜ ಹೇಳ್ಲಾ? ನಿಮ್ಮ ಹೆಸರೇ ಹೇಳೋಣ ಅಂತಿತ್ತು. ಆದ್ರೆ ನಿಮ್ಮ ಆ ಪ್ರೇಯಸಿಯರ ಕತೆ ಕೇಳಿ ಕೇಳಿ ಭಯ. ಇವತ್ತು ಈ ಸಿನಿಮಾ ನೋಡಿ ಮನಸ್ಸು ಗಟ್ಟಿ ಆಯ್ತು. ಅಕ್ಕತಂಗಿಯರ ಮಧ್ಯೆ ಬೆಳೆದವನೇ ಹೆಂಡ್ತೀನ ಚೆನ್ನಾಗಿ ನೋಡ್ಕೊಳ್ಳೋದು. ನಮ್ಮ ರೇಡಿಯೋಗೆ ಐದು ಜನ ಅಕ್ಕಂದಿರಂತೆ."

ರಸಿಕ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಬಾಯಿಬಿಟ್ಟ. "ಮೇಡಂ, ಆ ಕತೆಗಳೆಲ್ಲ ಸುಳ್ಳು. ನನಗೆ ಯಾವ ಪ್ರೇಯಸಿಯೂ ಇರಲಿಲ್ಲ. ಅಷ್ಟೂ ಜನರನ್ನ ಈ ಸಿನಿಮಾದಿಂದಲೇ ಕದ್ದೆ."

ಅವಳು ಮಂಜುಗಾಜಿನ ಹಿಂದಿನಿಂದ ಅವನನ್ನು ಕನಿಕರದಿಂದ ನೋಡಿದಳು. "ಈ ಸಿನಿಮಾದಲ್ಲಿ ಪ್ರೇಯಸಿಯರು ಎಲ್ಲಿದ್ರು? ಎಲ್ಲಾ ಅಕ್ಕತಂಗಿಯರೇ ತಾನೆ? ನೀವೇ ಅಲ್ವಾ ಓದಿ ಹೇಳಿದ್ದು?"

ಇನ್ನೊಂದು ಆಟ ನೋಡೋಣ ಎನ್ನಲು ಅವನು ತಿರುಗಿದರೆ ಏಣಿ ಹತ್ತಿದವನೊಬ್ಬ ಪೋಸ್ಟರು ಕೀಳುತ್ತಿದ್ದ. ಹಿಂದಿನ ಸೀಟಿನ ದಪ್ಪ ಮನುಷ್ಯ ಎಲ್ಲೂ ಕಾಣಲಿಲ್ಲ. ಜೇಬಿನಲ್ಲಿ ಅವಳ ಗಾಜು ಕೈಗೆ ತಗುಲಿತು. ತೆಗೆದು ತೋರಿಸಿದರೆ ಹುಡುಗಿಯ ಕಣ್ಣು ಕಟ್ಟಿದ ಕಳ್ಳ, ತೋರಿಸದಿದ್ದರೆ ಶೋಕಿಲಾಲ. ಕೈಯನ್ನು ಖಾಲಿಯಾಗಿಯೇ ಹೊರತೆಗೆದ.

"ಬೇಜಾರು ಮಾಡ್ಕೋಬೇಡಿ. ನಿಮಗೇನು, ಇನ್ನೂ ಹತ್ತು ಜನ ಸಿಗ್ತಾರೆ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಒಂದು ಉಪಕಾರ ಮಾಡ್ತೀರಾ? ರೇಡಿಯೋ ಹತ್ರ ನಾನೇ ಹೇಗೆ ಕೇಳ್ಲಿ, ನಾಚಿಕೆ ಆಗುತ್ತೆ. ಇಂಥಾದ್ರಲ್ಲಿ ಪಳಗಿದವರು ನೀವು. ನೀವೇ ಮಾತಾಡಿ."

ಮೆಟ್ಟಿಲು ಸರಿಯಾಗಿ ಕಾಣದೆ ಅವಳು ಅವನ ಕೈ ಹಿಡಿದುಕೊಂಡಳು. ರಸಿಕ ಬಾಳಿನಲ್ಲಿ ಮೊದಲ ಸಲ ಒಂದು ಹೆಣ್ಣಿನ ಕೈ ಹಿಡಿದು, ಎಡವದಂತೆ ಜೋಪಾನವಾಗಿ, ರೇಡಿಯೋ ಕಾಯುತ್ತಿದ್ದ ಅಂಗಡಿಯ ಕಡೆಗೆ ನಡೆಸಿಕೊಂಡು ಹೋದ.